ಬ್ರಿಸ್ಬೇನ್‌ನಲ್ಲಿ ಮನೆ ತಗೊಳ್ಳೋಣ ಅಂತಿದ್ದೀವಿ. ಡ್ಯಾಂ ಇದೆ, ಪ್ರವಾಹ ಬರಲ್ಲ ಅಂತಾರೆ, ನಿಜವಾ?

ಪ್ರಶ್ನೆ: "ನಮಸ್ಕಾರ ಸರ್. ನಾವು ದಾವಣಗೆರೆ ಕಡೆಯವರು. ಬ್ರಿಸ್ಬೇನ್‌ಗೆ ಬಂದು ಮೂರು ವರ್ಷ ಆಯ್ತು. ರನ್‌ಕಾರ್ನ್‌ನಲ್ಲಿ ಬಾಡಿಗೆಗೆ ಇದ್ದೀವಿ. ನಾನು ನರ್ಸ್, ನಮ್ಮ ಮನೆಯವರು ಸಾಫ್ಟ್‌ವೇರ್ ಕೆಲಸ. ಇಬ್ಬರು ಮಕ್ಕಳು. ವರ್ಷದಲ್ಲಿ ಕೆಲವು ತಿಂಗಳು ಅತ್ತೆ-ಮಾವ ಬಂದಿರ್ತಾರೆ. ಈಗ ಸ್ವಂತ ಮನೆ ಮಾಡೋಣ ಅಂತ ಹೊರಟಿದ್ದೀವಿ. ಎರಡು ಮನೆ ಇಷ್ಟ ಆಗಿವೆ. ಒಂದು ಆಕ್ಸ್ಲಿಯಲ್ಲಿ, ಕಂಬಗಳ ಮೇಲೆ ನಿಂತಿರೋ ಹಳೇ ಮರದ ಮನೆ. ಅದಕ್ಕೆ 2011ರಲ್ಲಿ ನೀರು ಬಂದಿತ್ತಂತೆ. ಏಜೆಂಟ್ ಹೇಳೋದು, 'ಅದು ನೂರು ವರ್ಷಕ್ಕೊಮ್ಮೆ ಬರೋದು, ಬಂದು ಹೋಯ್ತು. ಮೇಲಾಗಿ ವೈವನ್ಹೋ ಡ್ಯಾಂ ಇದೆ.' ಇನ್ನೊಂದು ಇಪ್ಸ್‌ವಿಚ್ ಪಕ್ಕದ ರಿಪ್ಲಿಯಲ್ಲಿ, ಹೊಸ ಬಡಾವಣೆಯ ಇಟ್ಟಿಗೆ ಮನೆ. ಅಲ್ಲಿಯವರು 'ಎಲ್ಲಾ ಅಪ್ರೂವ್ ಆಗಿರೋ ಲೇಔಟ್, ಯೋಚನೇನೇ ಬೇಡ' ಅಂತಾರೆ. 2032ಕ್ಕೆ ಒಲಿಂಪಿಕ್ಸ್ ಬರುತ್ತೆ, ಈಗ ತಗೊಳ್ಳದಿದ್ರೆ ಆಮೇಲೆ ಕೈಗೆ ಸಿಗಲ್ಲ ಅಂತ ಸ್ನೇಹಿತರು. ಇಲ್ಲಿನ ಹವೆ ಬೆಂಗಳೂರಿನ ಥರಾನೇ, ಎಸಿ ಕೂಡ ಬೇಡ ಅನ್ನೋರೂ ಇದ್ದಾರೆ. ಯಾರ ಮಾತು ನಂಬೋದು ಸರ್?"

ಉತ್ತರ: ನಿಮ್ಮ ಪತ್ರದಲ್ಲಿ ಮನೆ ಎರಡು, ಚಿಂತೆ ಒಂದೇ. ಮೂವತ್ತು ವರ್ಷ ಸಾಲ ತೀರಿಸಬೇಕಾದ ಮನೆಗೆ ನೀರು ನುಗ್ಗಿದರೆ ಏನು ಗತಿ ಎನ್ನುವುದು. ಆ ಚಿಂತೆ ಸರಿಯಾಗಿಯೇ ಇದೆ. ನಾನು ಈ ಭಾಗದಲ್ಲಿ ಪ್ರವಾಹದ ಲೆಕ್ಕ ಹಾಕುವ ಇಂಜಿನಿಯರ್. ಎಷ್ಟು ಮಳೆ ಬಿದ್ದರೆ ಯಾವ ಬೀದಿಗೆ ಎಷ್ಟು ನೀರು ಬರುತ್ತದೆ ಎಂದು ನೋಡುವುದು ನನ್ನ ದಿನದ ಕೆಲಸ. ಸಾಲ, ಬಡ್ಡಿಯ ಮಾತು ಬೇರೆಯವರಿಗೆ ಬಿಡುತ್ತೇನೆ. ನೆಲ ಮತ್ತು ನೀರಿನ ಬಗ್ಗೆ ಮಾತ್ರ ನನಗೆ ಗೊತ್ತಿರುವುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು "ನೂರು ವರ್ಷಕ್ಕೊಮ್ಮೆ" ಎಂಬ ಮಾತು. ನನ್ನ ಕಸುಬಿನವರೇ ಹುಟ್ಟುಹಾಕಿದ ಮಾತು ಇದು, ಜನರನ್ನು ದಾರಿ ತಪ್ಪಿಸಿದ್ದೂ ಇದೇ. ಒಂದು ಸಲ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಅದಕ್ಕೆ ಅರ್ಥವಿಲ್ಲ. ಯಾವುದೇ ಒಂದು ವರ್ಷದಲ್ಲಿ ಅಷ್ಟು ದೊಡ್ಡ ಪ್ರವಾಹ ಬರುವ ಸಾಧ್ಯತೆ ಶೇ. 1 ಇದೆ ಎಂದಷ್ಟೇ ಅರ್ಥ. ಹೋದ ವರ್ಷ ಬಂದಿದ್ದರೂ ಈ ವರ್ಷ ಮತ್ತೆ ಅದೇ ಶೇ. 1. ಇದಕ್ಕೆ ಬ್ರಿಸ್ಬೇನ್ ನದಿಯೇ ಸಾಕ್ಷಿ. 1893ರ ಫೆಬ್ರವರಿ 5ರಂದು ನಗರದ ಅಳತೆಪಟ್ಟಿಯಲ್ಲಿ ನದಿ 8.35 ಮೀಟರ್ ಏರಿತು. ವಿಕ್ಟೋರಿಯಾ ಸೇತುವೆ ಮುರಿದು ಕೊಚ್ಚಿ ಹೋಯಿತು. ಎರಡೇ ವಾರಕ್ಕೆ, ಅದೇ ತಿಂಗಳ 19ಕ್ಕೆ, ಮತ್ತೆ 8 ಮೀಟರ್ ದಾಟಿತು. ಆಮೇಲೆ ಅಷ್ಟು ದೊಡ್ಡದು ಬಂದಿಲ್ಲ. 1974ರಲ್ಲಿ 5.45, 2011ರಲ್ಲಿ 4.46, 2022ರಲ್ಲಿ 3.85 ಮೀಟರ್. ನಿಮ್ಮ ಏಜೆಂಟ್ "ಬಂದು ಹೋಯ್ತು" ಎಂದ 2011ಕ್ಕೂ 2022ಕ್ಕೂ ನಡುವೆ ಇದ್ದದ್ದು ಹನ್ನೊಂದು ವರ್ಷ.

ಸಾಲದ ಅವಧಿಗೆ ಹೊಂದಿಸಿ ನೋಡಿದರೆ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. ವರ್ಷಕ್ಕೆ ಶೇ. 1 ಅಪಾಯ ಇರುವ ಮನೆಯಲ್ಲಿ ಮೂವತ್ತು ವರ್ಷ ಇದ್ದರೆ, ಒಮ್ಮೆಯಾದರೂ ಆ ಮಟ್ಟದ ನೀರು ನೋಡುವ ಸಾಧ್ಯತೆ ಸುಮಾರು ಶೇ. 26. ಅಂದರೆ ನಾಲ್ಕರಲ್ಲಿ ಒಂದು. ವರ್ಷಕ್ಕೆ ಶೇ. 5 ಅಪಾಯದ ಜಾಗವಾದರೆ ಅದೇ ಮೂವತ್ತು ವರ್ಷದಲ್ಲಿ ಶೇ. 78ರ ಮೇಲೆ ಹೋಗುತ್ತದೆ. ಅಂಥ ಮನೆ ಕೊಳ್ಳುವವರು ನೀರು ಬಂದೇ ಬರುತ್ತದೆ ಎಂದುಕೊಂಡೇ ಕೊಳ್ಳಬೇಕು.

ಇನ್ನು ಡ್ಯಾಂ. ವೈವನ್ಹೋ ಅಣೆಕಟ್ಟು ದೊಡ್ಡದು, ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. 1974ರ ಪ್ರವಾಹದ ಪೆಟ್ಟು ತಿಂದ ಮೇಲೆ ಕಟ್ಟಲು ಶುರು ಮಾಡಿ 1980ರ ದಶಕದ ನಡುವೆ ಮುಗಿಸಿದರು. ಕುಡಿಯುವ ನೀರಿಗೆಂದು ಅದರಲ್ಲಿ ಸುಮಾರು 41 ಟಿಎಂಸಿ ನಿಲ್ಲುತ್ತದೆ. ನಮ್ಮ ಕೆಆರ್‌ಎಸ್‌ನ 49 ಟಿಎಂಸಿಗಿಂತ ಸ್ವಲ್ಪ ಕಡಿಮೆ. ಅದರ ಮೇಲೆ ಪ್ರವಾಹಕ್ಕೆಂದೇ ಇನ್ನೂ ದೊಡ್ಡ ಜಾಗ ಖಾಲಿ ಬಿಟ್ಟಿರುತ್ತಾರೆ. ಆದರೆ ನಕ್ಷೆ ಬಿಚ್ಚಿ ನೋಡಿ. ಬ್ರಿಸ್ಬೇನ್ ನದಿಗೆ ನೀರು ಕೊಡುವ ಜಮೀನು ಸುಮಾರು 13,500 ಚದರ ಕಿ.ಮೀ. ಅದರಲ್ಲಿ ಅಣೆಕಟ್ಟಿನ ಮೇಲ್ಗಡೆ ಇರುವುದು ಹೆಚ್ಚುಕಡಿಮೆ ಅರ್ಧ ಮಾತ್ರ. ಲಾಕ್ಯರ್ ಹಳ್ಳ, ಇಪ್ಸ್‌ವಿಚ್ ಮೇಲೆ ಹಾದು ಬರುವ ಬ್ರೆಮರ್ ನದಿ, ಎರಡೂ ಅಣೆಕಟ್ಟು ದಾಟಿದ ಮೇಲೆ ನದಿಗೆ ಸೇರುತ್ತವೆ. ಆ ಕಡೆ ಸುರಿದ ಮಳೆಯನ್ನು ವೈವನ್ಹೋ ಹಿಡಿಯಲಾರದು. ಊರಿನೊಳಗಿನ ಹಳ್ಳಗಳ ನೀರಂತೂ ಅಣೆಕಟ್ಟಿನ ಹತ್ತಿರವೂ ಸುಳಿಯುವುದಿಲ್ಲ.

2022ರ ಫೆಬ್ರವರಿ ಕೊನೆಯಲ್ಲಿ ಆಗಿದ್ದು ಇದೇ. ಮೂರು ದಿನದಲ್ಲಿ ನಗರದ ಮೇಲೆ 670 ಮಿ.ಮೀ.ಗೂ ಜಾಸ್ತಿ ಮಳೆ ಬಿತ್ತು. ನಿಮ್ಮ ದಾವಣಗೆರೆಗೆ ಹೆಚ್ಚುಕಡಿಮೆ ಇಡೀ ವರ್ಷ ಬೀಳುವಷ್ಟು. ನದಿ ಏರುವ ಮೊದಲೇ ಹಳ್ಳಗಳು ಉಕ್ಕಿದವು. 2011ರಲ್ಲಿ ಒಣಗಿದ್ದ ಬೀದಿಗಳ ಜನ 2022ರಲ್ಲಿ ಮೊಣಕಾಲು ನೀರಲ್ಲಿ ನಿಂತಿದ್ದರು. "ನಮ್ಮ ಬೀದಿಗೆ 2011ರಲ್ಲೇ ಬರಲಿಲ್ಲ" ಎಂಬ ನಂಬಿಕೆಯೇ ಅವರನ್ನು ಮನೆ ಬಿಟ್ಟು ಹೊರಡದಂತೆ ಹಿಡಿದಿಟ್ಟಿತ್ತು.

ಹೀಗೆ ಯಾಕೆ ಅನ್ನುವುದು ಈ ನಾಡಿನ ನೆಲ ನೋಡಿದರೆ ತಿಳಿಯುತ್ತದೆ. ಬ್ರಿಸ್ಬೇನ್ ಇರುವುದು ದಕ್ಷಿಣ ಅಕ್ಷಾಂಶ 27.5 ಡಿಗ್ರಿಯಲ್ಲಿ, ಉಪೋಷ್ಣ ವಲಯದಲ್ಲಿ. ಪೂರ್ವಕ್ಕೆ ಬೆಚ್ಚನೆಯ ಸಮುದ್ರ, ಮೋರ್ಟನ್ ಕೊಲ್ಲಿ, ಅದಾಚೆ ಮರಳಿನ ದೊಡ್ಡ ದ್ವೀಪಗಳು. ಪಶ್ಚಿಮಕ್ಕೆ ಗ್ರೇಟ್ ಡಿವೈಡಿಂಗ್ ಬೆಟ್ಟಸಾಲು. ಉತ್ತರಕ್ಕೆ ಗ್ಲಾಸ್ ಹೌಸ್ ಬೆಟ್ಟಗಳು, ದಕ್ಷಿಣಕ್ಕೆ ಹಳೆಯ ಅಗ್ನಿಪರ್ವತದ ಅಂಚಿನಲ್ಲಿ ಬೆಳೆದ ಲ್ಯಾಮಿಂಗ್ಟನ್, ಸ್ಪ್ರಿಂಗ್‌ಬ್ರೂಕ್ ಮಳೆಕಾಡು. ಚಳಿಗಾಲದಲ್ಲಿ, ಅಂದರೆ ಜೂನ್‌ನಿಂದ ಆಗಸ್ಟ್, ಆಕಾಶ ಶುಭ್ರ, ಮಳೆ ಕಡಿಮೆ. ಡಿಸೆಂಬರ್ ನಂತರ ಸಮುದ್ರದ ಕಡೆಯಿಂದ ತೇವದ ಗಾಳಿ ಬಂದು ಬೆಟ್ಟ ಹತ್ತುತ್ತದೆ, ತಣಿದು ಸುರಿಯುತ್ತದೆ. ಲಾ ನಿನ್ಯಾ ವರ್ಷಗಳಲ್ಲಿ, ಅಂದರೆ ಪೆಸಿಫಿಕ್ ಸಾಗರದ ಈ ಕಡೆಯ ನೀರು ಹೆಚ್ಚು ಬೆಚ್ಚಗಾಗುವ ವರ್ಷಗಳಲ್ಲಿ, ಸುರಿತ ಜಾಸ್ತಿ. ನಡುವಿನ ಬಯಲಿನಲ್ಲಿ ನದಿ ಹಾವಿನಂತೆ ಸುತ್ತಿ ಹರಿಯುತ್ತದೆ, ಸಮುದ್ರದ ಉಬ್ಬರ ಅದರೊಳಗೆ ಮೌಂಟ್ ಕ್ರಾಸ್ಬಿಯವರೆಗೂ ಹತ್ತುತ್ತದೆ. ಮಳೆನೀರು ಇಳಿಯುವ ಹೊತ್ತಿಗೇ ಉಬ್ಬರವೂ ಬಂದರೆ ಹೊರಗೆ ಹೋಗಲು ದಾರಿ ಸಿಗದೆ ನೀರು ನಿಲ್ಲುತ್ತದೆ.

ಬರವೂ ಇಲ್ಲಿಯದೇ. 2007ರಲ್ಲಿ ಅಣೆಕಟ್ಟುಗಳಲ್ಲಿ ಉಳಿದಿದ್ದು ಶೇ. 17ರ ಆಸುಪಾಸು. ಒಬ್ಬರು ದಿನಕ್ಕೆ 140 ಲೀಟರ್‌ಗಿಂತ ಹೆಚ್ಚು ಬಳಸಬೇಡಿ ಎಂದು ಊರೂರಿಗೆ ಹೇಳಿದ್ದರು. ಟುಗುನ್‌ನಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಕಟ್ಟಿದರು. 2007 ಆಗಿ ನಾಲ್ಕೇ ವರ್ಷಕ್ಕೆ 2011ರ ಪ್ರವಾಹ. ಬರದ ನೆನಪಿನಲ್ಲಿ ಹೆಚ್ಚು ತುಂಬಿಸಿಡಬೇಕು ಎನ್ನುವವರು, ಪ್ರವಾಹದ ನೆನಪಿನಲ್ಲಿ ಹೆಚ್ಚು ಖಾಲಿ ಇಡಬೇಕು ಎನ್ನುವವರು, ಇಬ್ಬರ ನಡುವೆ ಒಂದೇ ಅಣೆಕಟ್ಟು. ಅದನ್ನೇ ನಂಬಿ ಮನೆ ಕೊಳ್ಳಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಈಗ ಆಕ್ಸ್ಲಿ ಮನೆಗೆ ಬರೋಣ. ಆ ಊರಿಗೆ ಎರಡು ದಿಕ್ಕಿನ ನೀರು. ಆಕ್ಸ್ಲಿ ಹಳ್ಳ ತಾನೇ ಉಕ್ಕಬಹುದು. ಅಥವಾ ದೊಡ್ಡ ನದಿ ಏರಿ, ಹಳ್ಳದೊಳಗೆ ಹಿಂದಕ್ಕೆ ನುಗ್ಗಿ ಬರಬಹುದು. 2011ರಲ್ಲಿ ಎರಡನೆಯದು ಜೋರಾಗಿತ್ತು. ಹಾಗಂತ ಆಕ್ಸ್ಲಿಯ ಎಲ್ಲ ಮನೆಗೂ ಒಂದೇ ಅಪಾಯ ಇಲ್ಲ. ಒಂದೇ ಬೀದಿಯ ಮೇಲ್ತುದಿಗೂ ಕೆಳತುದಿಗೂ ಮೂರು ಮೀಟರ್ ವ್ಯತ್ಯಾಸ ಇರಬಹುದು. ಅದಕ್ಕೇ ಊರಿನ ಹೆಸರು ನೋಡಿ ಬೇಕು ಬೇಡ ಎನ್ನಬೇಡಿ, ಆ ಒಂದು ನಿವೇಶನದ ಲೆಕ್ಕ ನೋಡಿ.

ಲೆಕ್ಕ ಸಿಗುವುದೂ ಸುಲಭ. ಬ್ರಿಸ್ಬೇನ್ ಸಿಟಿ ಕೌನ್ಸಿಲ್, ಅಂದರೆ ಇಲ್ಲಿನ ನಗರಪಾಲಿಕೆ, ಪ್ರತಿ ಮನೆಗೂ 'ಫ್ಲಡ್‌ವೈಸ್' ವರದಿ ಕೊಡುತ್ತದೆ. ವಿಳಾಸ ಹಾಕಿದರೆ ಪುಕ್ಕಟೆ ಡೌನ್‌ಲೋಡ್. ಅದರಲ್ಲಿ ನೀರು ಯಾವ ಮೂಲದಿಂದ ಬರುತ್ತದೆ ಎಂದು ಇರುತ್ತದೆ: ನದಿ, ಹಳ್ಳ, ನೆಲದ ಮೇಲೆ ಹರಿಯುವ ಮಳೆನೀರು, ಚಂಡಮಾರುತದ ಉಬ್ಬರ. ಶೇ. 5, ಶೇ. 1 ಎಂದು ಒಂದೊಂದಕ್ಕೂ ನೀರಿನ ಮಟ್ಟ ಮೀಟರಿನಲ್ಲಿ. ಪಕ್ಕದಲ್ಲಿ ನಿವೇಶನದ ಅತಿ ತಗ್ಗಿನ ನೆಲಮಟ್ಟ. ಒಂದು ಉದಾಹರಣೆ ಹೇಳುತ್ತೇನೆ. ಶೇ. 1ರ ನೀರಿನ ಮಟ್ಟ 8.2 ಮೀಟರ್, ನೆಲ 6.9 ಮೀಟರ್ ಎಂದು ಇದ್ದರೆ ಅಂಗಳದಲ್ಲಿ 1.3 ಮೀಟರ್ ನೀರು. ವಾಸದ ಮಹಡಿಯ ಹಾಸು 9 ಮೀಟರಿನಲ್ಲಿದ್ದರೆ ಮಲಗುವ ಕೋಣೆ ಒಣಗಿರುತ್ತದೆ, ಕಾರು ಮಾತ್ರ ಹೋಗುತ್ತದೆ. ಹಾಸು 8 ಮೀಟರಿನಲ್ಲಿದ್ದರೆ ಅಡುಗೆಮನೆಯ ಕಪಾಟು ನೆನೆಯುತ್ತದೆ. ಹಾಸಿನ ಮಟ್ಟ ವರದಿಯಲ್ಲಿ ಇಲ್ಲದಿದ್ದರೆ ಸರ್ವೇಯರ್ ಒಬ್ಬರನ್ನು ಕರೆಸಿ ಅಳೆಸಿ. ಮನೆಯ ಬೆಲೆಯ ಮುಂದೆ ಅದು ತುಂಬ ಸಣ್ಣ ಖರ್ಚು.

ಮನೆ ನೋಡಲು ಹೋದಾಗ ಮೇಲಿನ ಚಂದದ ಅಡುಗೆಮನೆಗಿಂತ ಮೊದಲು ಕೆಳಗೆ ಹೋಗಿ. ಇಲ್ಲಿನ ಹಳಬರು ಮನೆಯನ್ನು ಕಂಬದ ಮೇಲೆ ಕಟ್ಟಿದ್ದು ಸುಮ್ನೆ ಅಲ್ಲ. ಇಳಿಜಾರು ನೆಲ ಸಮ ಮಾಡುವ ಕೆಲಸ ಇಲ್ಲ, ಕೆಳಗಿಂದ ಗಾಳಿ ಆಡುತ್ತದೆ, ನೀರು ಬಂದರೆ ಅಡಿಯಲ್ಲೇ ಹಾದು ಹೋಗುತ್ತದೆ. ಗೆದ್ದಲಿಗೂ ಇದೇ ಉಪಾಯ. ಕಂಬದ ತಲೆಯ ಮೇಲೆ ತಗಡಿನ ಟೋಪಿ ಇಟ್ಟಿರುತ್ತಾರೆ ನೋಡಿ. ಗೆದ್ದಲು ಅದನ್ನು ಸುತ್ತಿ ಹೊರಗೆ ಬರಲೇಬೇಕು, ಬಂದರೆ ಕಣ್ಣಿಗೆ ಬೀಳುತ್ತದೆ. ಮನೆಯ ಕೆಳಗಿನ ನೆರಳಿನಲ್ಲಿ ಬಟ್ಟೆ ಒಣಗುತ್ತಿದ್ದವು, ಮಕ್ಕಳು ಆಡುತ್ತಿದ್ದರು, ಸೈಕಲ್ ನಿಲ್ಲುತ್ತಿತ್ತು. ನೀರು ಬಂದರೆ ತೊಳೆದು ಹಾಕುತ್ತಿದ್ದರು, ಅಷ್ಟೇ. ಆಮೇಲೆ ಜಾಗದ ಬೆಲೆ ಏರಿತು. ಆ ಖಾಲಿ ಜಾಗಕ್ಕೆ ಗೋಡೆ ಹಾಕಿ, ಜಿಪ್ಸಂ ಹಲಗೆ ಹೊಡೆದು, ಕಾರ್ಪೆಟ್ ಹಾಸಿ ಕೋಣೆ ಮಾಡಿಕೊಂಡರು. 2011ರಲ್ಲಿ ಬೀದಿಯುದ್ದಕ್ಕೂ ಗುಡ್ಡೆ ಬಿದ್ದಿದ್ದ ಒದ್ದೆ ಸಾಮಾನಿನಲ್ಲಿ ಇಂಥ ಕೋಣೆಗಳದ್ದೇ ದೊಡ್ಡ ಪಾಲು.

ಕೆಳಗೆ ನಿಂತು ಇವನ್ನು ನೋಡಿ. ಕಂಬದ ಮೇಲೆ ಕೆಸರಿನ ಗೆರೆ ಇದೆಯೇ? ಪ್ಲಗ್ ಪಾಯಿಂಟ್‌ಗಳು ಎದೆಮಟ್ಟಕ್ಕೆ ಏರಿವೆಯೇ? ವಿದ್ಯುತ್ ಬೋರ್ಡ್ ಮೇಲಿನ ಮಹಡಿಗೆ ಹೋಗಿದೆಯೇ? ಗೋಡೆಯ ಕೆಳಭಾಗದ ಹಲಗೆ ಮಾತ್ರ ಹೊಸದೇ? ಇವೆಲ್ಲ ಹಿಂದೆ ನೀರು ಬಂದ ಗುರುತು. ಬೋರ್ಡು ಮೇಲಕ್ಕೆ ಏರಿಸಿದ್ದರೆ ಹಿಂದಿನ ಮಾಲೀಕರು ಪಾಠ ಕಲಿತು ಸರಿ ಮಾಡಿದ್ದಾರೆ ಎಂದು ಖುಷಿಪಡಿ. ಬರೀ ಬಣ್ಣ ಬಳಿದು ಮುಚ್ಚಿದ್ದರೆ ಅನುಮಾನ ಪಡಿ. ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಏಜೆಂಟ್ ಕೆಳಗಿನ ಕೋಣೆ ತೋರಿಸಿ "ನಿಮ್ಮ ಅಪ್ಪ-ಅಮ್ಮ ಬಂದರೆ ಇಲ್ಲಿ ಇರಬಹುದು" ಅನ್ನುತ್ತಾರೆ. ಚಾವಣಿ ಎತ್ತರ ಕಡಿಮೆಯಿದ್ದರೆ ಅದು ಕಾನೂನಿನ ಪ್ರಕಾರ ವಾಸದ ಕೋಣೆಯೇ ಅಲ್ಲ. ಪ್ರವಾಹದ ನೀರು ರಾತ್ರಿಯೂ ಬರಬಹುದು, ಹಳ್ಳದ ನೀರಂತೂ ಗಂಟೆಯೊಳಗೇ ಬರಬಹುದು. ಮಂಡಿನೋವಿನ ವಯಸ್ಸಾದವರನ್ನು ದಯವಿಟ್ಟು ಕೆಳಗೆ ಮಲಗಿಸಬೇಡಿ.

ಬೀದಿಯಲ್ಲೂ ಒಮ್ಮೆ ಓಡಾಡಿ. ಸಾಲುಮನೆಗಳ ನಡುವೆ ಒಂದು ನಿವೇಶನ ಖಾಲಿ, ಬರೀ ಹುಲ್ಲು, ಬೇಲಿ ಕೂಡ ಇಲ್ಲ ಎಂದರೆ ಯಾಕೆ ಎಂದು ಕೇಳಿ. 2022ರ ನಂತರ ಸರ್ಕಾರ 741 ಮಿಲಿಯನ್ ಡಾಲರ್ ನಿಧಿ ಮಾಡಿ, ಕೆಲವು ಮನೆ ಎತ್ತರಿಸಲು, ಕೆಲವನ್ನು ನೀರು ತಡೆಯುವಂತೆ ರಿಪೇರಿ ಮಾಡಲು ಹಣ ಕೊಟ್ಟಿತು. ತೀರಾ ಅಪಾಯದ ಮನೆಗಳನ್ನು ಮಾಲೀಕರ ಒಪ್ಪಿಗೆಯಿಂದ ತಾನೇ ಕೊಂಡು ಕೆಡವಿತು. ಆ ನೆಲದಲ್ಲಿ ಇನ್ನು ಮನೆ ಕಟ್ಟುವಂತಿಲ್ಲ. ಪಕ್ಕದಲ್ಲೇ ಅಂಥ ಹುಲ್ಲಿನ ತುಂಡು ಇದ್ದರೆ ನಿಮ್ಮ ಮನೆಯ ವರದಿಯನ್ನು ಎರಡು ಸಲ ಓದಿ.

ಎದುರುಮನೆಯ ಅಜ್ಜಿಯನ್ನೋ ತಾತನನ್ನೋ ಮಾತಾಡಿಸಿ. ಈ ಭಾಗದಲ್ಲಿ ನನಗೆ ಹೆಚ್ಚು ಕಳವಳ ಆಗುವುದು ಇದೇ ವಿಷಯಕ್ಕೆ. ಊರು ಬೆಳೆಯುವ ವೇಗಕ್ಕೆ ನೀರಿನ ನೆನಪು ಹಿಂದೆ ಬೀಳುತ್ತಿದೆ. ಸಾವಿರಾರು ವರ್ಷ ಇಲ್ಲಿದ್ದ ಟುರ್ಬಲ್, ಯಗೆರಾ ಜನರಿಗೆ ಈ ನದಿ ಎಲ್ಲಿಯವರೆಗೂ ಏರುತ್ತದೆ ಎಂಬುದು ಗೊತ್ತಿತ್ತು. 1825ರಲ್ಲಿ ನದಿದಡಕ್ಕೆ ಬಂದ ಬಿಳಿಯರ ಕೈದಿ ಶಿಬಿರ ಆ ತಿಳಿವಳಿಕೆ ಕೇಳಲಿಲ್ಲ. 1974 ನೋಡಿದವರು ತಮ್ಮ ಮನೆಗೋಡೆಯಲ್ಲಿ ಗೆರೆ ಎಳೆದಿಟ್ಟರು. ಅವರು ಈಗ ಮುದುಕರು, ಮನೆ ಮಾರಿ ಹೋಗುತ್ತಿದ್ದಾರೆ. ಕೊಳ್ಳುವವರು ಸಿಡ್ನಿ, ಮೆಲ್ಬರ್ನ್‌ನಿಂದ ಬಂದವರು, ನಮ್ಮಂತೆ ದೂರದೇಶದಿಂದ ಬಂದವರು. ಟುವೂಂಬಾದಿಂದ ಗೋಲ್ಡ್ ಕೋಸ್ಟ್, ಸನ್‌ಶೈನ್ ಕೋಸ್ಟ್‌ವರೆಗಿನ ಈ ಪ್ರದೇಶದಲ್ಲಿ 2021ರ ಹೊತ್ತಿಗೆ ಸುಮಾರು 38 ಲಕ್ಷ ಜನ. 2046ಕ್ಕೆ 60 ಲಕ್ಷ ಆಗುತ್ತದೆ, ಇನ್ನೂ ಸುಮಾರು 9 ಲಕ್ಷ ಮನೆ ಬೇಕು ಎನ್ನುವುದು ಸರ್ಕಾರದ ಯೋಜನೆಯ ಅಂದಾಜು. ಸಮುದ್ರಕ್ಕೂ ಬೆಟ್ಟಕ್ಕೂ ನಡುವೆ ಇರುವುದು ಅಷ್ಟೇ ಜಾಗ. ಹಾಗಾಗಿ ಬೆಳವಣಿಗೆ ಪಶ್ಚಿಮಕ್ಕೆ ಇಪ್ಸ್‌ವಿಚ್ ಕಡೆ, ದಕ್ಷಿಣಕ್ಕೆ ಲೋಗನ್ ಕಡೆಯ ಯರಬಿಲ್ಬಾ, ಫ್ಲ್ಯಾಗ್‌ಸ್ಟೋನ್ ಕಡೆ ಹೋಗುತ್ತಿದೆ. ಜನ ಬರುವುದು ತಪ್ಪಲ್ಲ, ನಾವೂ ಹಾಗೆ ಬಂದವರೇ. ಆದರೆ ಬಂದವರಿಗೆ ನೆಲದ ಕಥೆ ಹೇಳುವವರು ಬೇಕು.

ಒಳ್ಳೆಯದನ್ನೂ ಹೇಳಬೇಕು. 2011ರಲ್ಲಿ ನೀರು ಇಳಿದ ಮೇಲೆ 20,000ಕ್ಕೂ ಹೆಚ್ಚು ಜನ ಗುದ್ದಲಿ, ಪೊರಕೆ ಹಿಡಿದು ಗುರುತಿಲ್ಲದವರ ಮನೆಯ ಕೆಸರು ಎತ್ತಲು ಬಂದರು. 'ಮಡ್ ಆರ್ಮಿ' ಎಂಬ ಹೆಸರು ಹಾಗೆ ಬಂತು. ಇಲ್ಲಿಯ ಜನ ಬೆಳಕಾಗುತ್ತಲೇ ಏಳುವವರು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುವ ಪದ್ಧತಿಯನ್ನು 1992ರ ಜನಮತದಲ್ಲಿ ಬೇಡ ಎಂದರು, ಅದಕ್ಕೇ ಡಿಸೆಂಬರ್‌ನಲ್ಲಿ ಐದು ಗಂಟೆಗೆ ಮುಂಚೆಯೇ ಸೂರ್ಯ ಬಂದಿರುತ್ತಾನೆ. ಬೆಳಿಗ್ಗೆ ವಾಕಿಂಗ್ ಹೋಗುವ ನಿಮ್ಮ ಮಾವನವರಿಗೆ ಇದು ಹೇಳಿ ಮಾಡಿಸಿದ ಊರು. ಅಕ್ಟೋಬರ್‌ನಲ್ಲಿ ಬೀದಿ ತುಂಬ ಜಕರಂಡ ನೋಡಿದರೆ ಬೆಂಗಳೂರು ನೆನಪಾಗುವುದೂ ನಿಜ.

ಹವೆಯ ಹೋಲಿಕೆ ಅಲ್ಲಿಗೇ ಮುಗಿಯುತ್ತದೆ. ಬೆಂಗಳೂರಿಗೆ 900 ಮೀಟರ್ ಎತ್ತರ ಇದೆ, ಅದರಿಂದ ರಾತ್ರಿ ತಂಪು. ಬ್ರಿಸ್ಬೇನ್ ಸಮುದ್ರಮಟ್ಟದಲ್ಲಿದೆ. ಜನವರಿ, ಫೆಬ್ರವರಿಯಲ್ಲಿ ಮಂಗಳೂರಿನ ಏಪ್ರಿಲ್ ನೆನಪಿಸಿಕೊಳ್ಳಿ. ಬೆವರು ಆರುವುದಿಲ್ಲ. ಒಳನಾಡಿನ ರಿಪ್ಲಿಗೆ ಸಮುದ್ರದ ಗಾಳಿ ತಡವಾಗಿ, ಸೊರಗಿ ಬರುತ್ತದೆ. ಹಗಲು ಬಿಸಿಲು ಜಾಸ್ತಿ, ಚಳಿಗಾಲದ ಬೆಳಿಗ್ಗೆ ಚಳಿಯೂ ಜಾಸ್ತಿ. ಎಸಿ ಬೇಕು. ಅದಕ್ಕಿಂತ ಮೊದಲು ಮನೆಯ ಮುಖ ನೋಡಿ. ದಕ್ಷಿಣ ಗೋಳದಲ್ಲಿ ಸೂರ್ಯ ಉತ್ತರದ ಆಕಾಶದಲ್ಲಿ ಸಾಗುತ್ತಾನೆ. ಹಾಲ್ ಉತ್ತರಕ್ಕಿದ್ದರೆ ಚಳಿಗಾಲದಲ್ಲಿ ಬಿಸಿಲು ಒಳಗೆ ಬರುತ್ತದೆ, ಬೇಸಿಗೆಯಲ್ಲಿ ಸೂರು ತಡೆಯುತ್ತದೆ. ಪಶ್ಚಿಮಕ್ಕೆ ದೊಡ್ಡ ಕಿಟಕಿ, ಕಪ್ಪು ಹೆಂಚು, ಗಿಡವಿಲ್ಲದ ಅಂಗಳ ಇದ್ದರೆ ಎಸಿ ಬಿಲ್ ಕೇಳಬೇಡಿ. ಮನೆಯಲ್ಲಿ ಹಿರಿಯರು ವಾಸ್ತು ಎಂದರೆ, ಉತ್ತರ ದಿಕ್ಕಿನ ವಿಷಯದಲ್ಲಿ ನಿಮಗೆ ಜಗಳ ಬರುವುದಿಲ್ಲ.

ರಿಪ್ಲಿಯ ಮನೆ. "ಅಪ್ರೂವ್ ಆಗಿದೆ" ಎನ್ನುವುದು ಸುಳ್ಳಲ್ಲ. ಹೊಸ ಬಡಾವಣೆಯಲ್ಲಿ ವಾಸದ ಹಾಸು ಶೇ. 1ರ ನೀರಿಗಿಂತ ಮೇಲೆ, ಸಾಮಾನ್ಯವಾಗಿ ಅರ್ಧ ಮೀಟರ್ ಬಿಡುವಿಟ್ಟು ಇರಬೇಕು. ಆ ದೃಷ್ಟಿಯಿಂದ ಹಳೇ ಆಕ್ಸ್ಲಿಗಿಂತ ರಿಪ್ಲಿ ಮೇಲು. ಆದರೆ ಅನುಮೋದನೆ ಎಂದರೆ ಶೇ. 1ರವರೆಗಿನ ಭರವಸೆ, ಅದಕ್ಕಿಂತ ದೊಡ್ಡದಕ್ಕಲ್ಲ. ರಿಪ್ಲಿ ಕಣಿವೆಯಲ್ಲಿ ಬಂಡಾಂಬಾ, ಡೀಬಿಂಗ್ ಎಂಬ ಹಳ್ಳಗಳು ಹರಿಯುತ್ತವೆ. ಅವುಗಳಿಗೆ ಸೇರುವ ಸಣ್ಣ ತೋಡುಗಳು ಮಳೆ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ನಮ್ಮ ಬೆಂಗಳೂರಿನ ರಾಜಕಾಲುವೆ ಗೊತ್ತಲ್ಲ, ಅದೇ ಕಥೆ: ಮೇಲೆ ಏನೇ ಕಟ್ಟಲಿ, ಜೋರು ಮಳೆಗೆ ನೀರು ಹಳೇ ದಾರಿಯನ್ನೇ ಹುಡುಕುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಬೆಳ್ಳಂದೂರು ಕಡೆ ಅದನ್ನು ನೋಡಿದ್ದೀವಿ. ಇಲ್ಲಿ ಆ ದಾರಿಗಳನ್ನು ನಕ್ಷೆಯಲ್ಲಿ ಗುರುತಿಸಿದ್ದಾರೆ, ಅದೊಂದು ಸಮಾಧಾನ. ಇಪ್ಸ್‌ವಿಚ್ ಕೌನ್ಸಿಲ್ಲಿನ ಪ್ರವಾಹ ನಕ್ಷೆ ತೆಗೆದು ನಿಮ್ಮ ನಿವೇಶನ ಅಂಥ ದಾರಿಯ ಮೇಲಿದೆಯೇ ನೋಡಿ. ಬಡಾವಣೆಯ ತಗ್ಗಿನ ಪಾರ್ಕ್ ಎಷ್ಟೋ ಸಲ ಮಳೆನೀರು ಹಿಡಿಯಲು ಮಾಡಿದ ಗುಂಡಿ. ಅದರ ಅಂಚಿನ ಮನೆಗೆ "ಪಾರ್ಕ್ ವ್ಯೂ" ಎಂದು ಹೆಚ್ಚು ಹಣ ಕೊಡಬೇಡಿ.

ಅಲ್ಲಿ ನೀರಿಗಿಂತ ಬೇರೆ ಮೂರು ವಿಷಯ ಜಾಸ್ತಿ ಕಾಡಬಹುದು. ಇಪ್ಸ್‌ವಿಚ್ ಕಡೆ ಬಿಸಿಲಿಗೆ ಬಿರಿದು ಮಳೆಗೆ ಉಬ್ಬುವ ಜಿಗುಟು ಮಣ್ಣು ಸಿಗುತ್ತದೆ. ಎರೆಭೂಮಿ ನೋಡಿದ ದಾವಣಗೆರೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಮಣ್ಣಿನ ಪರೀಕ್ಷಾ ವರದಿ ಕೇಳಿ, ಅಡಿಪಾಯದ ಕಾಂಕ್ರೀಟ್ ಹಾಸು ಅದಕ್ಕೆ ತಕ್ಕಂತೆ ಇದೆಯೇ ಎಂದು ಕೇಳಿ. ಎರಡನೆಯದು, ಇದು ಹಳೆಯ ಕಲ್ಲಿದ್ದಲು ಗಣಿಗಳ ನಾಡು, ಕೆಲವು ಕಡೆ ನೆಲದಡಿ ಸುರಂಗ ಇವೆ. ಕಾಡಿನ ಅಂಚಾದರೆ ಕಾಳ್ಗಿಚ್ಚು. ಇವೆರಡಕ್ಕೂ ಕೌನ್ಸಿಲ್ ನಕ್ಷೆಗಳಿವೆ. ಮೂರನೆಯದು ಓಡಾಟ. ರಿಪ್ಲಿಗೆ ಪ್ರಯಾಣಿಕರ ರೈಲು ಇನ್ನೂ ಇಲ್ಲ, ರೈಲು ಹಿಡಿಯಲು ಇಪ್ಸ್‌ವಿಚ್ ಅಥವಾ ಸ್ಪ್ರಿಂಗ್‌ಫೀಲ್ಡ್ ಸೆಂಟ್ರಲ್‌ಗೆ ಹೋಗಬೇಕು. ಆ ಕಣಿವೆಗೆ ಯೋಜಿಸಿರುವುದು 50,000 ಮನೆ, 1,20,000 ಜನ. ರಸ್ತೆ ಅದೇ ವೇಗದಲ್ಲಿ ಬರುವುದಿಲ್ಲ. ನೀವು ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ನಿದ್ದೆಗಣ್ಣಲ್ಲಿ ಡ್ರೈವ್ ಮಾಡುವುದನ್ನು ಲೆಕ್ಕಕ್ಕೆ ಹಿಡಿಯಿರಿ.

ಒಲಿಂಪಿಕ್ಸ್ ಎರಡು ವಾರ ನಡೆಯುತ್ತದೆ, ನಿಮ್ಮ ಸಾಲ ಮೂವತ್ತು ವರ್ಷ. ಆ ಆತುರದಲ್ಲಿ ಸಹಿ ಹಾಕಬೇಡಿ.

ಹಾಗಾದರೆ ಏನು ಮಾಡೋದು ಅಂತೀರಾ? ಆಕ್ಸ್ಲಿ ಮನೆಯ ವಾಸದ ಹಾಸು ಶೇ. 1ರ ಮಟ್ಟಕ್ಕಿಂತ ಸಾಕಷ್ಟು ಮೇಲಿದ್ದು, ವಿಮೆ ತಡೆದುಕೊಳ್ಳುವ ಬೆಲೆಗೆ ಸಿಕ್ಕರೆ, ಅದು ಕೆಟ್ಟ ಮನೆಯೇನಲ್ಲ. ಹಾಗೆ ಕೊಂಡರೆ ಕೆಳಗಿನ ಭಾಗ ಖಾಲಿ ಬಿಡಿ, ಕಾರು ಎಲ್ಲಿಗೆ ಸಾಗಿಸಬೇಕು ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ, ಮುಂದೆ ಮಾರುವಾಗ ಬೆಲೆ ಕಡಿಮೆ ಸಿಗಬಹುದು ಎಂದು ಒಪ್ಪಿಕೊಳ್ಳಿ. 1990ಕ್ಕೆ ಹಿಂದಿನ ಮನೆಯಾದರೆ ಆರೋಗ್ಯಕ್ಕೆ ಕೆಡುಕಾದ ಆಸ್ಬೆಸ್ಟಾಸ್ ಇರಬಹುದು, ಗೆದ್ದಲೂ ಇರಬಹುದು. ಕಟ್ಟಡ ಮತ್ತು ಕೀಟ ತಪಾಸಣೆಯ ಷರತ್ತು ಇಲ್ಲದೆ ಕರಾರು ಮಾಡಬೇಡಿ. ಹಾಸು ಆ ಮಟ್ಟಕ್ಕಿಂತ ಕೆಳಗಿದ್ದರೆ ಎಷ್ಟು ಅಗ್ಗವಾದರೂ ಬಿಡಿ. ಇದು ನನ್ನ ಖಚಿತ ಅಭಿಪ್ರಾಯ.

ನನ್ನನ್ನು ಕೇಳಿದರೆ, ನಿಮ್ಮ ಪತ್ರದಲ್ಲಿ ಇಲ್ಲದ ಮೂರನೆಯ ದಾರಿಯೂ ಇದೆ. ಬ್ರಿಸ್ಬೇನ್ ಪೂರ್ತಿ ದಿಬ್ಬ-ತಗ್ಗಿನ ಊರು. ಈಗ ನೀವಿರುವ ಕಡೆಯೇ, ದಿಬ್ಬದ ಮೇಲೆ, ರೈಲು ಅಥವಾ ಬಸ್‌ವೇ (ಬಸ್ಸಿಗೆಂದೇ ಇರುವ ರಸ್ತೆ) ಹತ್ತಿರ ಸಣ್ಣ ಟೌನ್‌ಹೌಸ್, ಅಂದರೆ ಒಂದೇ ಆವರಣದಲ್ಲಿ ಸಾಲಾಗಿ ಕಟ್ಟಿದ ಮಹಡಿ ಮನೆ, ನೋಡಿ. ಅಂಗಳ ಚಿಕ್ಕದು, ಪ್ರತಿ ಮೂರು ತಿಂಗಳಿಗೆ ನಿರ್ವಹಣಾ ಶುಲ್ಕ ಕಟ್ಟಬೇಕು, ಅದು ಏರುತ್ತಲೂ ಹೋಗುತ್ತದೆ. ಹಿರಿಯರಿಗೆ ಮೆಟ್ಟಿಲು ಕಷ್ಟ, ಕೆಳಗೊಂದು ಮಲಗುವ ಕೋಣೆ ಇರುವುದನ್ನೇ ಹುಡುಕಿ. ಅಲ್ಲೂ ವರದಿ ನೋಡಲೇಬೇಕು, ದಿಬ್ಬದ ಮೇಲಿನ ಮನೆಗೂ ಹಿತ್ತಲಿನ ಕಡೆಯಿಂದ ಮಳೆನೀರು ಹರಿದು ಬಂದದ್ದನ್ನು ನೋಡಿದ್ದೇನೆ. ಇನ್ನೊಂದು ವರ್ಷ ಬಾಡಿಗೆಯಲ್ಲೇ ಇದ್ದು, ಒಂದು ಮಳೆಗಾಲ ಆ ಬೀದಿಗಳನ್ನು ಗಮನಿಸುವುದೂ ಒಂದು ದಾರಿ. ಅಷ್ಟರಲ್ಲಿ ಬೆಲೆ ಏರಬಹುದು ಎನ್ನುವುದು ಅದರ ನಷ್ಟ.

ಗೋಲ್ಡ್ ಕೋಸ್ಟ್‌ನ ಕಾಲುವೆ ದಡದ ಮನೆಗಳ ಆಸೆ ನಿಮಗಿಲ್ಲ, ಒಳ್ಳೆಯದಾಯಿತು. 2025ರ ಮಾರ್ಚ್‌ನಲ್ಲಿ ಆಲ್ಫ್ರೆಡ್ ಚಂಡಮಾರುತ ಬಂದಾಗ ಅಲ್ಲಿಯ ಕಡಲತೀರದ ಮರಳು ಕೊಚ್ಚಿ ಹೋಗಿ ಆಳೆತ್ತರದ ದರೆ ನಿಂತಿತ್ತು, ಇಡೀ ಪ್ರದೇಶದಲ್ಲಿ ಲಕ್ಷಗಟ್ಟಲೆ ಮನೆಗಳಿಗೆ ಕರೆಂಟ್ ಇರಲಿಲ್ಲ. ಇಷ್ಟು ದಕ್ಷಿಣಕ್ಕೆ ಚಂಡಮಾರುತ ಬರಲ್ಲ ಎಂದವರೂ ಅಂದು ಮರಳಿನ ಮೂಟೆಗೆ ಸಾಲಿನಲ್ಲಿ ನಿಂತಿದ್ದರು.

ಕೊನೆಗೆ ಕಾಗದಪತ್ರದ ವಿಷಯ, ಇದರಲ್ಲಿ ತುಂಬ ಜನ ಎಡವುತ್ತಾರೆ. 2025ರ ಆಗಸ್ಟ್ 1ರಿಂದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮಾರುವವರು ಸಹಿಗೆ ಮೊದಲು 'ಫಾರ್ಮ್ 2' ಎಂಬ ವಿವರಪತ್ರ ಕೊಡಬೇಕು. ಅದನ್ನು ನೋಡಿ ಎಲ್ಲಾ ಇದೆ ಎಂದುಕೊಳ್ಳಬೇಡಿ, ಪ್ರವಾಹದ ಇತಿಹಾಸ ಅದರಲ್ಲಿ ಬರುವುದಿಲ್ಲ. ಅದನ್ನು ಹುಡುಕುವ ಹೊಣೆ ನಿಮ್ಮದೇ. ಇಲ್ಲಿ ಸಾಮಾನ್ಯವಾಗಿ ಬಳಸುವ ಕರಾರಿನಲ್ಲಿ, ಸಹಿಯಾದ ಮರುದಿನದ ಕೆಲಸದ ದಿನ ಸಂಜೆ 5ಕ್ಕೆ ಮನೆಯ ಅಪಾಯ ಕೊಳ್ಳುವವರ ತಲೆಗೆ ಬರುತ್ತದೆ, ಕೀಲಿಕೈ ಕೈಗೆ ಬರುವ ವಾರಗಳ ಮೊದಲೇ. ಹಾಗಾಗಿ ವಿಮೆಯ ದರವನ್ನು ಸಹಿಗೆ ಮುಂಚೆಯೇ ಆ ವಿಳಾಸಕ್ಕೇ ಕೇಳಿ. ಎರಡು ಮೂರು ಕಂಪನಿಗಳಲ್ಲಿ ಕೇಳಿ, ಪ್ರವಾಹದ ರಕ್ಷಣೆ ಸೇರಿದೆಯೇ ಎಂದು ಬರಹದಲ್ಲಿ ಪಡೆಯಿರಿ. ವಿಮೆಯವರು ಹೇಳುವ ಮೊತ್ತವೇ ಆ ನೆಲದ ಬಗ್ಗೆ ಅರ್ಧ ಕಥೆ ಹೇಳುತ್ತದೆ. ಸಹಿಯಾದ ಮೇಲೆ ಮನಸ್ಸು ಬದಲಾದರೆ ಐದು ಕೆಲಸದ ದಿನಗಳ ಅವಕಾಶ ಇದೆ, ಆದರೆ ಬೆಲೆಯ ಶೇ. 0.25ರವರೆಗೆ ಕಳೆದುಕೊಳ್ಳಬೇಕಾಗಬಹುದು. ಹರಾಜಿನಲ್ಲಿ ಕೊಂಡರೆ ಅದೂ ಇಲ್ಲ. ಈ ಮಾತುಗಳನ್ನೆಲ್ಲ ನಿಮ್ಮ ಪರವಾದ ವಕೀಲರ ಹತ್ತಿರ ಒಮ್ಮೆ ಖಚಿತ ಮಾಡಿಕೊಳ್ಳಿ. ಏಜೆಂಟ್ ಕೆಲಸ ಮಾಡುವುದು ಮಾರುವವರಿಗೆ.

ಈ ವಾರವೇ ಆಕ್ಸ್ಲಿ ಮನೆಯ ಫ್ಲಡ್‌ವೈಸ್ ವರದಿ ಡೌನ್‌ಲೋಡ್ ಮಾಡಿ, ವಿಮೆಯ ದರ ಕೇಳಿ. ಎರಡೂ ಕೈಗೆ ಬಂದ ಮೇಲೆ ವಾಸದ ಹಾಸಿನ ಮಟ್ಟದ ಜೊತೆ ನನಗೆ ಕಳಿಸಿ. ನೋಡಿ, ಅದೇ ಮನೆಯ ಬಗ್ಗೆ ನೇರವಾಗಿ ಉತ್ತರ ಬರೆಯುತ್ತೇನೆ.